ಬದಲಾಯಿಸಿದ ಟರ್ಬೊ ಕಾರಿಗೆ ಯಾವ ಇಸಿಯು, ಯಾವ ಟ್ಯೂನಿಂಗ್ ಸಾಧನ ಸೂಕ್ತ?

ಪ್ರಶ್ನೆ (ಚಿಕ್ಕಮಗಳೂರಿನಿಂದ)

ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಫಿಯೆಟ್ ಲಿನಿಯಾ ಟಿ-ಜೆಟ್ ಕಾರಿದೆ. 1368 ಸಿಸಿ ಎಂಜಿನ್, ಕಂಪನಿಯ ಲೆಕ್ಕದಲ್ಲಿ 114 ಪಿಎಸ್. ಕಳೆದ ವರ್ಷ ದೊಡ್ಡ ಇಂಟರ್‌ಕೂಲರ್ (ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಣಿಸುವ ಭಾಗ), ಅಗಲವಾದ ಡೌನ್‌ಪೈಪ್ (ಟರ್ಬೊದಿಂದ ಹೊಗೆ ಹೊರಹೋಗುವ ಕೊಳವೆ) ಮತ್ತು ಹೊಸ ಏರ್ ಫಿಲ್ಟರ್ ಹಾಕಿಸಿ, ಕರಾವಳಿಯ ಊರೊಂದರ ಟ್ಯೂನರ್ ಬಳಿ ರಿಮ್ಯಾಪ್ (ಎಂಜಿನ್ ನಡೆಸುವ ಕಂಪ್ಯೂಟರಾದ ಇಸಿಯುವಿನ ಫೈಲನ್ನು ತಿದ್ದುವುದು) ಮಾಡಿಸಿದೆ. ಅಲ್ಲಿ ಗಾಡಿ ಬಹಳ ಚೆನ್ನಾಗಿ ಓಡಿತು. ಆದರೆ ಚಾರ್ಮಾಡಿ ಹತ್ತಿ ಊರಿಗೆ ಬಂದ ಮೇಲೆ, ಮುಖ್ಯವಾಗಿ ಕೈಮರ ದಾಟಿ ಮುಳ್ಳಯ್ಯನಗಿರಿಯ ಕಡೆ ಏರುವಾಗ, ಮೂರನೇ ಗೇರಿನಲ್ಲಿ ಪೂರ್ತಿ ಆಕ್ಸಿಲರೇಟರ್ ಕೊಟ್ಟರೆ ಎಂಜಿನ್ ದೀಪ ಹತ್ತಿಕೊಂಡು ಶಕ್ತಿ ಕುಸಿಯುತ್ತದೆ. ಸ್ಕ್ಯಾನ್ ಮಾಡಿದಾಗ ಪಿ0299 ಎಂಬ ಕೋಡ್ ಬರುತ್ತದೆ. ಟ್ಯೂನರ್ ಅವರನ್ನು ಕೇಳಿದರೆ ಟರ್ಬೊ ಸವೆದಿದೆ, ದೊಡ್ಡದು ಹಾಕಿಸಿ ಎನ್ನುತ್ತಾರೆ.

ನನ್ನ ಗುರಿ ಸುಮಾರು 160 ಪಿಎಸ್. ದಿನನಿತ್ಯ ಓಡಿಸುವ ಗಾಡಿ ಇದು. ತಿಂಗಳಿಗೆರಡು ಸಲ ಮಂಗಳೂರಿಗೆ ಹೋಗಿಬರುತ್ತೇನೆ. ಮೂಲ ಇಸಿಯುಗೇ ಮತ್ತೆ ರಿಮ್ಯಾಪ್ ಮಾಡಿಸುವುದೋ, ಟ್ಯೂನಿಂಗ್ ಬಾಕ್ಸ್ ಹಾಕುವುದೋ, ಇಲ್ಲವೇ ಮೆಗಾಸ್ಕ್ವರ್ಟ್, ಲಿಂಕ್, ಹಾಲ್ಟೆಕ್‌ನಂತಹ ಸ್ವತಂತ್ರ ಇಸಿಯು ಕೂರಿಸುವುದೋ? ನಾನೇ ಸಾಧನ ಕೊಂಡು ಕಲಿಯಬಹುದೇ? ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1 (ಹಾಸನದಿಂದ)

ಟರ್ಬೊ ಬದಲಿಸುವ ಮುನ್ನ ಸ್ವಲ್ಪ ತಾಳಿ. ಪಿ0299 ಎಂದರೆ ಇಸಿಯು ಕೇಳಿದಷ್ಟು ಬೂಸ್ಟ್ (ಟರ್ಬೊ ಒತ್ತಿ ಕೊಡುವ ಗಾಳಿಯ ಒತ್ತಡ) ಸಿಗುತ್ತಿಲ್ಲ ಎಂದರ್ಥ. ಅದೊಂದರಿಂದಲೇ ಟರ್ಬೊ ಹಾಳಾಗಿದೆ ಎಂದು ಹೇಳಲಾಗದು. ನೀವು ಬರೆದಿರುವ ಲಕ್ಷಣದಲ್ಲಿ ಎತ್ತರದ ಪಾತ್ರ ಎದ್ದು ಕಾಣುತ್ತದೆ.

ಮಂಗಳೂರಿನಲ್ಲಿ ವಾಯುಮಂಡಲದ ಒತ್ತಡ ಸುಮಾರು 101 ಕಿಲೋಪಾಸ್ಕಲ್. ಚಿಕ್ಕಮಗಳೂರು ಸಮುದ್ರಮಟ್ಟದಿಂದ 1,000 ಮೀಟರಿಗಿಂತ ಮೇಲಿದೆ, ಇಲ್ಲಿ ಅದು 89ರ ಆಸುಪಾಸಿಗೆ ಇಳಿಯುತ್ತದೆ. ಮುಳ್ಳಯ್ಯನಗಿರಿಯ ರಸ್ತೆಯಲ್ಲಿ 1,800 ಮೀಟರ್ ತಲುಪಿದಾಗ 81ರಷ್ಟೇ ಉಳಿದಿರುತ್ತದೆ. ನಿಮ್ಮ ಫೈಲು ಇನ್‌ಟೇಕ್‌ನಲ್ಲಿ ಒಟ್ಟು 200 ಕಿಲೋಪಾಸ್ಕಲ್ ಕೇಳುತ್ತದೆ ಎಂದಿಟ್ಟುಕೊಳ್ಳಿ. ಮಂಗಳೂರಿನಲ್ಲಿ ಟರ್ಬೊ ಗಾಳಿಯನ್ನು ಎರಡು ಪಟ್ಟು ಒತ್ತಿದರೆ ಸಾಕು. ನಿಮ್ಮೂರಿನಲ್ಲಿ ಎರಡೂಕಾಲು ಪಟ್ಟು, ಗಿರಿಯ ಮೇಲೆ ಹೆಚ್ಚುಕಡಿಮೆ ಎರಡೂವರೆ ಪಟ್ಟು ಒತ್ತಬೇಕು. ಅದೇ ಸಣ್ಣ ಟರ್ಬೊ ಇದಕ್ಕಾಗಿ ಹೆಚ್ಚು ವೇಗದಲ್ಲಿ ತಿರುಗುತ್ತದೆ, ಗಾಳಿಯನ್ನು ಹೆಚ್ಚು ಕಾಯಿಸುತ್ತದೆ, ಕೊನೆಗೆ ತಲುಪಲಾರದೆ ಸೋಲುತ್ತದೆ. ಕಂಪನಿಯ ಫೈಲುಗಳಲ್ಲಿ ಎತ್ತರಕ್ಕೆ ತಕ್ಕಂತೆ ಬೂಸ್ಟ್ ಇಳಿಸುವ ಮ್ಯಾಪ್ (ಅಂಕಿಗಳ ಪಟ್ಟಿ) ಸಾಮಾನ್ಯವಾಗಿ ಇರುತ್ತದೆ. ಕರಾವಳಿಯಲ್ಲೇ ನಿಂತು ಪರೀಕ್ಷಿಸುವ ಟ್ಯೂನರ್ ಆ ಮ್ಯಾಪನ್ನು ಮುಟ್ಟದೆ ಬಿಟ್ಟಿರಬಹುದು, ಅಥವಾ ಬೂಸ್ಟ್ ಕಡಿಮೆಯಾಗದಿರಲೆಂದು ಸಮತಟ್ಟು ಮಾಡಿರಬಹುದು.

ಆದ್ದರಿಂದ ನಿಮ್ಮ ಮೊದಲ ಖರ್ಚು ಅಳತೆಗಾಗಿ ಇರಲಿ. ಲ್ಯಾಪ್‌ಟಾಪಿನಲ್ಲಿ ಮಲ್ಟಿಇಸಿಯುಸ್ಕ್ಯಾನ್ ತಂತ್ರಾಂಶ ಹಾಕಿಕೊಂಡು, ಕೇಳಿದ ಬೂಸ್ಟ್, ಸಿಕ್ಕ ಬೂಸ್ಟ್, ವೇಸ್ಟ್‌ಗೇಟ್ ಡ್ಯೂಟಿ (ಬೂಸ್ಟನ್ನು ಹತೋಟಿಯಲ್ಲಿಡುವ ಕವಾಟಕ್ಕೆ ಇಸಿಯು ಕೊಡುವ ಆದೇಶದ ಪ್ರಮಾಣ), ಒಳಬರುವ ಗಾಳಿಯ ಉಷ್ಣಾಂಶ ಮತ್ತು ಇಗ್ನಿಷನ್ ಟೈಮಿಂಗ್ (ಕಿಡಿ ಹೊತ್ತಿಸುವ ಗಳಿಗೆ) ಓಡಿಸುತ್ತಾ ಲಾಗ್ ಮಾಡಿ, ಅಂದರೆ ದಾಖಲಿಸಿಕೊಳ್ಳಿ. ಒಂದು ಲಾಗ್ ಮಂಗಳೂರಿನ ಬಳಿ ಆಗಲಿ, ಇನ್ನೊಂದು ಗಿರಿಯ ಏರಿನಲ್ಲಿ. ಎಲ್ಲಾದರೂ ಪೈಪು ಸೋರುತ್ತಿದ್ದರೆ ವೇಸ್ಟ್‌ಗೇಟ್ ಡ್ಯೂಟಿ ಎರಡೂ ಕಡೆ ಅತಿಯಾಗಿ ಕಾಣುತ್ತದೆ. ಗಿರಿಯಲ್ಲಿ ಮಾತ್ರ ಡ್ಯೂಟಿ ಮೇಲಿನ ಮಿತಿಗೆ ತಾಗಿ ಬೂಸ್ಟ್ ಕೊರತೆಯಾಗುತ್ತಿದ್ದರೆ, ತಪ್ಪು ಫೈಲಿನದು.

ಜೊತೆಗೆ ಗಾಳಿ ಮತ್ತು ಇಂಧನದ ಮಿಶ್ರಣವನ್ನು ನಿಖರವಾಗಿ ಅಳೆಯುವ ಒಂದು ವೈಡ್‌ಬ್ಯಾಂಡ್ ಬೇಕೇಬೇಕು. ಗಾಡಿಯ ಮೂಲ ಆಕ್ಸಿಜನ್ ಸೆನ್ಸರನ್ನು ನೋಡಿ ಪೂರ್ತಿ ಬೂಸ್ಟಿನಲ್ಲಿ ಮಿಶ್ರಣ ಎಷ್ಟಿದೆಯೆಂದು ತೀರ್ಮಾನಿಸುವ ಸಾಹಸ ಬೇಡ. ಬಾಷ್ ಎಲ್‌ಎಸ್‌ಯು 4.9 ಸೆನ್ಸರ್ ಬಳಸುವ ಗೇಜ್ ಯಾವುದಾದರೂ ಸರಿ. ಡೌನ್‌ಪೈಪಿನಲ್ಲಿ ಟರ್ಬೊ ಆದ ಮೇಲೆ, ನೀರು ನಿಲ್ಲದಂತೆ ಸ್ವಲ್ಪ ಮೇಲ್ಮುಖವಾಗಿ ಕೂರಿಸಬೇಕು.

ಟ್ಯೂನಿಂಗ್ ಬಾಕ್ಸ್ ಮಾತ್ರ ಬೇಡ ಎಂದು ಕಳಕಳಿಯಿಂದ ಹೇಳುತ್ತೇನೆ. ಅಂತಹ ಬಾಕ್ಸುಗಳಲ್ಲಿ ಹೆಚ್ಚಿನವು ಬೂಸ್ಟ್ ಇರುವುದಕ್ಕಿಂತ ಕಡಿಮೆ ಎಂದು ಇಸಿಯುಗೆ ತೋರಿಸುತ್ತವೆ, ಅದನ್ನು ನಂಬಿ ಇಸಿಯು ಇನ್ನಷ್ಟು ಕೇಳುತ್ತದೆ. ಎತ್ತರದಲ್ಲಿ ಈಗಾಗಲೇ ಏದುಸಿರು ಬಿಡುತ್ತಿರುವ ಟರ್ಬೊಗೆ ಅದು ಹೊರೆಯ ಮೇಲೆ ಹೊರೆ.

ಉತ್ತರ 2 (ಸಕಲೇಶಪುರದಿಂದ)

ಮೇಲಿನವರ ಮಾತನ್ನು ಒಪ್ಪುತ್ತೇನೆ. ಆದರೂ ಸ್ವತಂತ್ರ ಇಸಿಯು ಬಗ್ಗೆ ನನ್ನ ಅನುಭವ ಹೇಳಬೇಕೆನಿಸಿತು, ಏಕೆಂದರೆ ನಮ್ಮ ತೋಟದೊಳಗೆ ಮಾತ್ರ ಓಡುವ ಒಂದು ಹಳೆಯ ಟರ್ಬೊ ಗಾಡಿಗೆ ನಾನು ಅದನ್ನು ಹಾಕಿ ಎರಡು ಮಳೆಗಾಲ ಕಳೆದಿದ್ದೇನೆ.

ಅದರ ಲಾಭ ನಿಜವಾದದ್ದು. ಬೂಸ್ಟ್, ಇಂಧನ, ಟೈಮಿಂಗ್ ಎಲ್ಲ ಟೇಬಲ್ಲುಗಳೂ ಕಣ್ಣೆದುರಿಗಿರುತ್ತವೆ, ಟ್ಯೂನರ್‌ಸ್ಟುಡಿಯೋದಂತಹ ತಂತ್ರಾಂಶದಲ್ಲಿ ಓಡಿಸುತ್ತಲೇ ತಿದ್ದಬಹುದು. ಎಂಜಿನ್ ಕಲಿಯಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ನನಗೆ ಸಿಕ್ಕಿಲ್ಲ. ಆದರೆ ನಿಮ್ಮ ಗಾಡಿಯಲ್ಲಿ ಮೂರು ತೊಡಕುಗಳಿವೆ. ಟಿ-ಜೆಟ್‌ನ ಥ್ರಾಟಲ್‌ಗೆ ಕೇಬಲ್ ಇಲ್ಲ, ಮೋಟಾರು ಅದನ್ನು ತೆರೆಯುತ್ತದೆ. ಅಗ್ಗವಾಗಿ ಸಿಗುವ ಸ್ಪೀಡುಯಿನೊ ಆಗಲಿ ಮೆಗಾಸ್ಕ್ವರ್ಟ್-2 ಆಗಲಿ ಅಂತಹ ಥ್ರಾಟಲನ್ನು ತಾವಾಗಿ ನಡೆಸಲಾರವು. ಅದಕ್ಕೆ ಲಿಂಕ್, ಹಾಲ್ಟೆಕ್ ಅಥವಾ ಇಸಿಯುಮಾಸ್ಟರ್‌ನ ತಕ್ಕ ಮಾದರಿ ಬೇಕು, ಆಗ ಖರ್ಚಿನ ಲೆಕ್ಕವೇ ಬೇರೆ. ಎರಡನೆಯದಾಗಿ, ಮೂಲ ಇಸಿಯು ತೆಗೆದರೆ ಕಳ್ಳತನ ತಡೆಯುವ ಇಮ್ಮೊಬಿಲೈಜರ್, ಮೀಟರ್ ಬೋರ್ಡ್, ಎಸಿಗಳೊಂದಿಗಿನ ಸಂಭಾಷಣೆ ಕಡಿದುಹೋಗುತ್ತದೆ, ಒಂದೊಂದನ್ನೂ ಮತ್ತೆ ಜೋಡಿಸಬೇಕು. ಮೂರನೆಯದು, ಚಳಿಗಾಲದ ಬೆಳಗಿನ ಸ್ಟಾರ್ಟ್. ಪೂರ್ತಿ ಬೂಸ್ಟಿನ ಟ್ಯೂನ್ ಡೈನೊ (ಶಕ್ತಿ ಅಳೆಯುವ ಯಂತ್ರ) ಮೇಲೆ ಒಂದು ದಿನದಲ್ಲಿ ಮುಗಿಯಬಹುದು, ಆದರೆ ತಣ್ಣನೆಯ ಎಂಜಿನ್ ಒಂದೇ ಸಲಕ್ಕೆ ಹೊತ್ತಿಕೊಂಡು ಶಾಂತವಾಗಿ ನಿಲ್ಲುವಂತೆ ಮಾಡಲು ನನಗೆ ಒಂದಿಡೀ ಡಿಸೆಂಬರ್ ಬೇಕಾಯಿತು, ಏಕೆಂದರೆ ದಿನಕ್ಕೆ ಒಂದೇ ಬಾರಿ ಪ್ರಯೋಗ ಸಾಧ್ಯ.

ನಾಕಿಂಗ್ (ಸಿಲಿಂಡರಿನಲ್ಲಿ ಇಂಧನ ಹದ ತಪ್ಪಿ ಸಿಡಿಯುವುದು) ಪತ್ತೆಯನ್ನು ಮಾತ್ರ ಎಂದೂ ಅಲಕ್ಷಿಸಬೇಡಿ. ನಿಮ್ಮ ಎಂಜಿನ್ನಿನ ಸಿಲಿಂಡರ್ ವ್ಯಾಸ 72 ಮಿಲಿಮೀಟರ್, ಆ ಅಳತೆಗೆ ನಾಕಿಂಗಿನ ಸದ್ದು ಸುಮಾರು 8 ಕಿಲೋಹರ್ಟ್ಸ್‌ನಲ್ಲಿ ಬರುತ್ತದೆ. ಸ್ವತಂತ್ರ ಇಸಿಯುನಲ್ಲಿ ಆ ಸದ್ದನ್ನು ಹಿಡಿಯುವ ಫಿಲ್ಟರನ್ನು ನಾವೇ ಹೊಂದಿಸಬೇಕು. ಮೂಲ ಇಸಿಯುನಲ್ಲಿ ಕಾರಿನ ತಯಾರಕರು ತಿಂಗಳುಗಟ್ಟಲೆ ಶ್ರಮಪಟ್ಟು ಹೊಂದಿಸಿದ ಕಾವಲು ಆಗಲೇ ಇದೆ. 160 ಪಿಎಸ್‌ಗಾಗಿ ಆ ಕಾವಲನ್ನು ಕಳೆದುಕೊಳ್ಳುವುದು ನನ್ನ ದೃಷ್ಟಿಯಲ್ಲಿ ಸರಿಯಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಎರಡೂ ಕಡೆ ಲಾಗ್ ಮಾಡಿದೆ. ಮಂಗಳೂರಿನ ಬಳಿ ಬೂಸ್ಟ್ ಕೇಳಿದಷ್ಟೇ ಸಿಗುತ್ತಿದೆ, ವೇಸ್ಟ್‌ಗೇಟ್ ಡ್ಯೂಟಿಯೂ ಹಿತಮಿತವಾಗಿದೆ. ಗಿರಿಯ ಏರಿನಲ್ಲಿ ಡ್ಯೂಟಿ ಗರಿಷ್ಠಕ್ಕೆ ಹೋಗಿ ಅಲ್ಲೇ ನಿಲ್ಲುತ್ತದೆ, ಇಸಿಯು ಕೇಳುವ ಒತ್ತಡ ಮಾತ್ರ ಮಂಗಳೂರಿನಲ್ಲಿದ್ದಷ್ಟೇ ಇದೆ. ಟೈಮಿಂಗ್ ಕೂಡ ಹಿಂದಕ್ಕೆ ಸರಿಯುತ್ತಿದೆ. ಇನ್ನು ರಿಮ್ಯಾಪ್ ಸಾಧನವನ್ನು ನಾನೇ ಕೊಳ್ಳಲೇ? ಆನ್‌ಲೈನಿನಲ್ಲಿ ಕೆಸ್ ಹೆಸರಿನ ಸಾಧನ ಬಹಳ ಅಗ್ಗಕ್ಕೆ ಕಾಣುತ್ತಿದೆ.

ಉತ್ತರ 3 (ಹಾಸನದಿಂದ)

ಹಾಗಿದ್ದರೆ ಟರ್ಬೊ ಆರೋಗ್ಯವಾಗಿದೆ ಎಂದೇ ತೋರುತ್ತದೆ. ದೊಡ್ಡ ಟರ್ಬೊಗೆ ಹಾಕಬೇಕಿದ್ದ ಹಣ ಉಳಿಯಿತು.

ಅಗ್ಗಕ್ಕೆ ಸಿಗುವುದು ನಕಲಿ. ಅಸಲಿ ಕೆಸ್ ಇಟಲಿಯ ಏಲಿಯನ್‌ಟೆಕ್ ಕಂಪನಿಯದು, ಅದರ ಬೆಲೆ ಆ ಮಟ್ಟಕ್ಕೆ ಇಳಿಯುವುದಿಲ್ಲ. ಬರೆಯುವಾಗ ನಡುವೆ ಸಂಪರ್ಕ ಕಡಿದರೆ ಅಥವಾ ಚೆಕ್‌ಸಮ್ (ಫೈಲು ಸರಿಯಿದೆಯೇ ಎಂದು ಇಸಿಯು ನೋಡುವ ತಾಳೆಯ ಅಂಕಿ) ತಪ್ಪಿದರೆ ಗಾಡಿ ಸ್ಟಾರ್ಟೇ ಆಗುವುದಿಲ್ಲ. ಕಲಿಯುವ ಹಂಬಲದಲ್ಲಿ ಪರಿಚಿತರೊಬ್ಬರ ಗಾಡಿಗೆ ನಾನೇ ಅಂತಹ ನಕಲಿಯಿಂದ ಬರೆಯಲು ಹೋಗಿ, ಆ ಇಸಿಯುವನ್ನು ಬಿಚ್ಚಿ ಬೆಂಗಳೂರಿಗೆ ಕಳುಹಿಸಿ ಉಳಿಸಿಕೊಳ್ಳಬೇಕಾಯಿತು. ಅಸಲಿ ಸಾಧನ ಕೊಂಡರೂ ಅದು ಫೈಲನ್ನು ಓದಿ ಬರೆಯುವ ಕೆಲಸವನ್ನಷ್ಟೇ ಮಾಡುತ್ತದೆ. ಯಾವ ಮ್ಯಾಪ್ ಎಲ್ಲಿದೆ ಎಂದು ಗುರುತಿಸಿ ತಿದ್ದಲು ವಿನ್‌ಓಎಲ್‌ಎಸ್‌ನಂತಹ ತಂತ್ರಾಂಶ, ಆ ಇಸಿಯುಗೆ ಸಂಬಂಧಿಸಿದ ವಿವರಣೆಯ ಫೈಲು, ಅದಕ್ಕಿಂತ ಹೆಚ್ಚಾಗಿ ವರ್ಷಗಳ ಅಭ್ಯಾಸ ಬೇಕು. ಒಂದೇ ಕಾರಿಗಾಗಿ ಅಷ್ಟು ಹೂಡುವ ಬದಲು, ನಿಮ್ಮ ಲಾಗುಗಳನ್ನು ಓದಿ ಫೈಲನ್ನು ಎರಡು ಮೂರು ಸಲ ತಿದ್ದಿಕೊಡಲು ಸಿದ್ಧರಿರುವ ಟ್ಯೂನರನ್ನು ಹುಡುಕಿ. ಮೂಲ ಫೈಲಿನ ಪ್ರತಿಯನ್ನು ತಪ್ಪದೆ ಕೇಳಿ ಪಡೆದುಕೊಳ್ಳಿ.

ಪೆಟ್ರೋಲಿನ ವಿಷಯವೂ ಇದೆ. ಈಗ ಬಂಕುಗಳಲ್ಲಿ ಬರುತ್ತಿರುವುದು ಶೇಕಡ 20 ಎಥನಾಲ್ ಬೆರೆತ ಪೆಟ್ರೋಲು. ಶುದ್ಧ ಪೆಟ್ರೋಲಿನ ಒಂದು ಪಾಲಿಗೆ 14.7 ಪಾಲು ಗಾಳಿ ಬೇಕಾದರೆ ಇದಕ್ಕೆ ಸುಮಾರು 13.5 ಸಾಕು, ಅಂದರೆ ಅಷ್ಟೇ ಗಾಳಿಗೆ ಇಂಜೆಕ್ಟರ್ ತೂಕದ ಲೆಕ್ಕದಲ್ಲಿ ಸುಮಾರು ಶೇಕಡ 9ರಷ್ಟು ಹೆಚ್ಚು ಸುರಿಯಬೇಕು. ನಿಮ್ಮ ಗಾಡಿ ಎಥನಾಲಿಗೆಂದು ಹುಟ್ಟಿದ್ದಲ್ಲ. ಆದ್ದರಿಂದ ಇಂಜೆಕ್ಟರ್ ಡ್ಯೂಟಿ (ಅದು ತೆರೆದಿರುವ ಸಮಯದ ಪಾಲು) ಶೇಕಡ 85 ದಾಟದಂತೆ ನೋಡಿಕೊಳ್ಳಿ, ದಾಟಿದರೆ ಬೂಸ್ಟ್ ಏರಿಸುವ ಮುನ್ನ ಇಂಜೆಕ್ಟರ್ ಬದಲಿಸಿ. ಗೇಜ್ ನೋಡುವಾಗ 14.7ರ ಲೆಕ್ಕ ಬಿಟ್ಟು ಲ್ಯಾಂಬ್ಡಾದಲ್ಲಿ (ಇಂಧನಕ್ಕೆ ಬೇಕಾದ ಗಾಳಿಯ ಎಷ್ಟು ಪಟ್ಟು ಗಾಳಿ ಇದೆ ಎಂಬ ಅಂಕಿ) ಓದಿ, ಇಂಧನ ಬದಲಾದರೂ ಆ ಅಂಕಿ ಗೊಂದಲ ಮಾಡುವುದಿಲ್ಲ. ಪೂರ್ತಿ ಬೂಸ್ಟಿನಲ್ಲಿ 0.80ರಿಂದ 0.85ರ ನಡುವೆ ಇರಲಿ. ಟ್ಯೂನ್ ಮಾಡಿಸುವುದು 95 ಆಕ್ಟೇನಿಗಾದರೆ ಮುಂದೆಯೂ ಅದನ್ನೇ ಹಾಕಬೇಕು. ಘಟ್ಟದ ನಡುವೆ ಅದು ಸಿಗದೆ ಕಡಿಮೆ ಆಕ್ಟೇನಿನದನ್ನು ತುಂಬಿಸುವ ಪ್ರಸಂಗ ಬರುವುದಾದರೆ, ಆ ಕಡಿಮೆ ಆಕ್ಟೇನಿಗೇ ಮಾಡಿಸುವುದು ಕ್ಷೇಮ.

ರಸ್ತೆಯ ಗಾಡಿಯಾದ್ದರಿಂದ ವಾಹನದ ಮಾರ್ಪಾಡುಗಳಿಗೆ ಸಂಬಂಧಿಸಿದ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದಿಕೊಳ್ಳಿ, ಮಾಡಿಸಿದ ಬದಲಾವಣೆಗಳನ್ನು ವಿಮಾ ಕಂಪನಿಯಿಂದ ಮುಚ್ಚಿಡಬೇಡಿ.

ಪ್ರಶ್ನೆ ಕೇಳಿದವರು

ಇಂದು ವೈಡ್‌ಬ್ಯಾಂಡ್‌ಗೆ ಹೇಳಿಟ್ಟೆ. ಎರಡೂ ಲಾಗುಗಳನ್ನು ಟ್ಯೂನರ್ ಅವರಿಗೆ ಕಳುಹಿಸಿ, ಎತ್ತರದ ಮ್ಯಾಪನ್ನು ಮೂಲದಲ್ಲಿದ್ದಂತೆ ಮರಳಿಸಲು ಕೇಳಿಕೊಂಡಿದ್ದೇನೆ. ಅವರು ಫೈಲು ತೆರೆದು ನೋಡಿ, ಆ ಸಾಲು ಪೂರ್ತಿ ಒಂದೇ ಅಂಕಿಯಲ್ಲಿದೆ ಎಂದು ಒಪ್ಪಿಕೊಂಡರು. ಹೊಸ ಫೈಲು ಬಂದ ಕೂಡಲೇ ಕೈಮರದಿಂದ ಮೇಲಿನ ಅದೇ ಏರಿನಲ್ಲಿ, ಅದೇ ಮೂರನೇ ಗೇರಿನಲ್ಲಿ ಲಾಗ್ ತೆಗೆದು ಇಲ್ಲಿ ಹಾಕುತ್ತೇನೆ.