ಒಂದೇ ಹವಳದ ಎರಡು ತುಂಡು, ಆಕಾರ ಮಾತ್ರ ಬೇರೆ ಬೇರೆ. ಯಾಕೆ?

ಉಪ್ಪುನೀರು:
ಎಂಟು ತಿಂಗಳ ಹಿಂದೆ ಒಂದು ಪೊಸಿಲೊಪೊರಾ ಹವಳವನ್ನು ಕತ್ತರಿಸಿ, ಎರಡೂ ತುಂಡನ್ನು ನನ್ನ ಅಕ್ವೇರಿಯಂನಲ್ಲೇ ಇಟ್ಟೆ. ಒಂದು ಮೇಲೆ, ಪಂಪಿನ ನೀರು ಜೋರಾಗಿ ಬಡಿಯುವ ಕಡೆ. ಇನ್ನೊಂದು ಕೆಳಗೆ ಮೂಲೆಯಲ್ಲಿ. ಈಗ ಮೇಲಿನದರ ಕೊಂಬೆಗಳು ಗಿಡ್ಡ, ದಪ್ಪ, ಒತ್ತೊತ್ತಾಗಿವೆ. ಕೆಳಗಿನದರವು ತೆಳ್ಳಗೆ, ಬಿಡಿಬಿಡಿಯಾಗಿ ಚಾಚಿವೆ. ಒಂದೇ ತಾಯಿಯ ಮಕ್ಕಳು ಅಲ್ವಾ? ಕೆಳಗಿನದಕ್ಕೆ ಏನಾದರೂ ರೋಗವೇ?

ಅಲೆಮನೆ:
ರೋಗ ಅಲ್ಲ, ಗಾಬರಿ ಬೇಡ. ನೀರಿನ ಹರಿವಿನ ಪ್ರಭಾವ. ಪೊಸಿಲೊಪೊರಾ ಇದಕ್ಕೇ ಹೆಸರುವಾಸಿ. ಆಕಾರ ನೋಡಿ ಒಂದೇ ಜಾತಿಯ ಹವಳಕ್ಕೆ ಹಿಂದೆ ಎರಡು ಮೂರು ಹೆಸರು ಇಟ್ಟಿದ್ದೂ ಉಂಟು.

ಹರಳು:
ಹವಳದ ಅಸ್ಥಿಪಂಜರ ನಮ್ಮ ಮೂಳೆಯ ಹಾಗೆ ಮೈಯೊಳಗೆ ಇರುವುದಿಲ್ಲ. ಪಾಲಿಪ್, ಅಂದರೆ ಹವಳದ ಮೆತ್ತಗಿನ ಪುಟ್ಟ ಜೀವಿ, ಮೇಲ್ಗಡೆ ಕೂತಿರುತ್ತದೆ, ಕಲ್ಲು ಅದರ ಅಡಿಗೆ. ಇವೆರಡರ ನಡುವೆ ತೀರಾ ತೆಳ್ಳನೆಯ ಸಂದಿ, ಅದರಲ್ಲಿ ಒಂದಿಷ್ಟು ದ್ರವ. ಹವಳ ಅಲ್ಲಿಗೆ ಕ್ಯಾಲ್ಸಿಯಂ ತಳ್ಳಿ, ಹೈಡ್ರೋಜನ್ ಅಯಾನುಗಳನ್ನು ಹೊರಹಾಕುತ್ತದೆ. ದ್ರವದ ಪಿಎಚ್ ಹೊರಗಿನ ನೀರಿಗಿಂತ ಏರುತ್ತದೆ. ಆಗ ಅರಗೊನೈಟ್, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಹರಳು ಕಟ್ಟುತ್ತದೆ; ಹವಳದ ಕಲ್ಲು ಇದೇ. ನನಗೆ ಇವತ್ತಿಗೂ ಇದು ಅಚ್ಚರಿ: ಇಷ್ಟು ಮೆತ್ತಗಿನ ಜೀವ ಸುಮ್ನೆ ಕೂತಲ್ಲೇ ಬಂಡೆ ಕಟ್ಟುತ್ತದೆ!

ಈ ಕೆಲಸಕ್ಕೆ ಶಕ್ತಿ ಬೇಕು. ಅದರ ಬಹುಪಾಲು ಬರುವುದು ಮೈಯೊಳಗಿನ ಪಾಚಿಯಿಂದ, ಅಂದರೆ ಬೆಳಕಿನಿಂದ. ಬೆಳಕಿದ್ದಾಗ ಕಲ್ಲು ಕಟ್ಟುವ ವೇಗ ಕತ್ತಲಿಗಿಂತ ಸರಾಸರಿ ಸುಮಾರು 3 ಪಟ್ಟು. ಹಾಗಾಗಿ ನಿಮ್ಮ ಎರಡು ಜಾಗಗಳಲ್ಲಿ ಬೆಳಕೂ ಲೆಕ್ಕಕ್ಕೆ ಬರುತ್ತದೆ. ಆದರೆ ಕೊಂಬೆಗಳ ನಡುವಿನ ಅಂತರಕ್ಕೆ ನಾನು ಹರಿವನ್ನೇ ಕಾರಣ ಅನ್ನುತ್ತೇನೆ. ನೀರು ನಿಧಾನವಾದ ಕಡೆ ಒತ್ತೊತ್ತಾಗಿ ಬೆಳೆದರೆ ಒಳಗೆ ಹೊಸ ನೀರು ನುಗ್ಗುವುದಿಲ್ಲ. ಜೋರು ನೀರಿದ್ದರೆ ಆ ತೊಂದರೆ ಇಲ್ಲ, ಗಿಡ್ಡ ಕೊಂಬೆ ಮುರಿಯುವುದೂ ಕಡಿಮೆ.

ಉಪ್ಪುನೀರು:
ಹಾಗಾದರೆ ಕೆಳಗಿನದನ್ನು ಮೇಲೆ ಇಟ್ಟರೆ ಅದೂ ದಪ್ಪವಾಗುತ್ತದಾ?

ಹರಳು:
ಈಗಿರುವ ಆಕಾರ ಅಳಿಸಿಹೋಗುವುದಿಲ್ಲ, ಕಟ್ಟಿದ ಕಲ್ಲು ಕಟ್ಟಿದ್ದೇ. ಅದರ ಮೇಲೆ ಹೊಸ ಪದರ ಕೂರುತ್ತದೆ, ತುದಿಗಳು ಹೊಸ ಜಾಗಕ್ಕೆ ತಕ್ಕಂತೆ ಬೆಳೆಯುತ್ತವೆ. ಒಂದೇ ಸಲ ಜೋರು ಬೆಳಕಿಗೆ ಒಡ್ಡಬೇಡಿ, ಬಿಳಿಚಿಕೊಳ್ಳಬಹುದು. ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಸರಿಸಿ.

ಉಪ್ಪುನೀರು:
ಇಡೀ ತುಂಡು ಅಲುಗಿಸುವುದಿಲ್ಲ, ಒಂದು ಕೊಂಬೆ ಮಾತ್ರ ಕತ್ತರಿಸಿ ಸರಿಸುತ್ತೇನೆ. ಇವತ್ತೇ ಫೋಟೊ ತೆಗೆದಿಟ್ಟಿದ್ದೇನೆ, ತಿಂಗಳಿಗೊಂದು ಇಲ್ಲೇ ಹಾಕುತ್ತೇನೆ.