ನಕ್ಷೆಯ ಮೇಲ್ತುದಿಯಲ್ಲಿ ಉತ್ತರ ಇರಲೋ, ದೋಣಿಯ ಮೂತಿ ಇರಲೋ?

ಪ್ರಶ್ನೆ: ದೋಣಿಗೆ ಹೊಸದಾಗಿ ಚಾರ್ಟ್‌ಪ್ಲಾಟರ್ ಹಾಕಿಸಿದ್ದೇನೆ; ದೋಣಿ ಇರುವ ಜಾಗವನ್ನು ನಕ್ಷೆಯ ಮೇಲೆ ತೋರಿಸುವ ಪರದೆ ಅದು. ನಾರ್ತ್ ಅಪ್ (ಉತ್ತರ ಮೇಲೆ) ಇಟ್ಟರೆ ದಕ್ಷಿಣಕ್ಕೆ ಹೋಗುವಾಗ ಎಡ-ಬಲ ಅದಲುಬದಲಾಗುತ್ತದೆ. ಹೆಡ್ ಅಪ್ (ದೋಣಿಯ ಮೂತಿ ಮೇಲೆ) ಇಟ್ಟರೆ ನಿಂತಲ್ಲೇ ನಕ್ಷೆ ಗಿರಗಿರ ತಿರುಗುತ್ತದೆ. ನೀವೆಲ್ಲ ಹೇಗೆ ಇಟ್ಟುಕೊಂಡಿದ್ದೀರಿ?

ಮೊದಲ ಪ್ರತಿಕ್ರಿಯೆ: ನಾನಂತೂ ನಾರ್ತ್ ಅಪ್. ದಡದ ಗೆರೆ, ಬಂಡೆ, ದ್ವೀಪ ಎಲ್ಲ ಇದ್ದಲ್ಲೇ ಇರುವುದರಿಂದ ನಾಲ್ಕು ಸಲ ನೋಡಿದರೆ ಮನಸ್ಸಿನಲ್ಲಿ ಕೂತುಬಿಡುತ್ತವೆ. ಪರದೆ ಆರಿಹೋದರೂ ಕಾಗದದ ನಕ್ಷೆ ಬಿಡಿಸಿದ ಕೂಡಲೇ ಜಾಗ ಸಿಗುತ್ತದೆ. ಎಡ-ಬಲದ ಗೊಂದಲ ನನಗೂ ಇತ್ತು. ತಿರುಗುವ ಮುಂಚೆ ‘ಎಡಕ್ಕೆ’ ಅನ್ನುವ ಬದಲು ‘210 ಡಿಗ್ರಿಗೆ’ ಅಂತ ಬಾಯಿಬಿಟ್ಟು ಹೇಳಿ, ದಿಕ್ಸೂಚಿ ನೋಡಿ ಚುಕ್ಕಾಣಿ ತಿರುಗಿಸತೊಡಗಿದೆ, ಕ್ರಮೇಣ ಹೋಯಿತು. ಪ್ಲಾಟರ್ ನಿಜ ಉತ್ತರದ ಲೆಕ್ಕ ಕೊಡುತ್ತಿದೆಯೋ ಕಾಂತೀಯ (ದಿಕ್ಸೂಚಿಯ ಮುಳ್ಳು ತೋರಿಸುವ) ಉತ್ತರದ್ದೋ ಅಂತ ಮಾತ್ರ ಮೊದಲೇ ನೋಡಿಕೊಳ್ಳಿ.

ಎರಡನೆಯ ಪ್ರತಿಕ್ರಿಯೆ: ತೆರೆದ ಸಮುದ್ರಕ್ಕೆ ಮೇಲಿನ ಮಾತು ಸರಿ. ಕಿರಿದಾದ ಜಲಮಾರ್ಗದಲ್ಲಿ, ಅದರಲ್ಲೂ ರಾತ್ರಿ, ನನಗೆ ಹೆಡ್ ಅಪ್ಪೇ ಬೇಕು. ಬಲಗಡೆ ಮಿನುಗುವ ದೀಪ ಪರದೆಯಲ್ಲೂ ಬಲಗಡೆಯೇ ಇದ್ದರೆ ಯೋಚಿಸುವ ಕೆಲಸ ಇರುವುದಿಲ್ಲ.

ನಿಮ್ಮ ನಕ್ಷೆ ಗಿರಗಿರ ತಿರುಗುವುದಕ್ಕೆ ಕಾರಣ, ಬಹುಶಃ ಹೆಡಿಂಗ್ ಸೆನ್ಸರ್ (ಮೂತಿಯ ದಿಕ್ಕು ಅಳೆಯುವ ಸಾಧನ) ಇಲ್ಲದಿರುವುದು. ಸಾಧಾರಣ ಜಿಪಿಎಸ್‌ಗೆ ದೋಣಿಯ ಮೂತಿ ಎತ್ತ ಇದೆ ಅನ್ನುವುದು ತಿಳಿಯದು, ದೋಣಿ ಎತ್ತ ಸಾಗುತ್ತಿದೆ ಅನ್ನುವುದಷ್ಟೇ ತಿಳಿಯುತ್ತದೆ. ಒಮ್ಮೆ ಬಂದರಿನ ಬಾಯಲ್ಲಿ, ದೊಡ್ಡ ಹಡಗು ಹೊರಬರಲಿ ಅಂತ ಎಂಜಿನ್ ನ್ಯೂಟ್ರಲ್‌ನಲ್ಲಿಟ್ಟು ಕಾಯುತ್ತಿದ್ದೆ. ದೋಣಿಯ ಮೂತಿ ಅಲುಗಿರಲಿಲ್ಲ, ಪರದೆಯ ಮೇಲೆ ಮಾತ್ರ ಇಡೀ ಬಂದರು ಕಾಲು ಸುತ್ತು ಎಡಕ್ಕೆ, ಮರುಕ್ಷಣ ಅರ್ಧ ಸುತ್ತು ಬಲಕ್ಕೆ ಹೊರಳಿತು. ಎದೆ ಧಸಕ್ಕೆಂದಿತು. ಆಮೇಲೆ ಸೆನ್ಸರ್ ಹಾಕಿಸಿದೆ. ಈಗ ಮೂತಿಯ ಗೆರೆ, ನಿಜವಾಗಿ ಸಾಗುವ ಗೆರೆ ಎರಡೂ ಬೇರೆಬೇರೆಯಾಗಿ ಕಾಣುತ್ತವೆ. 6 ನಾಟ್ ವೇಗದಲ್ಲಿ ಹೋಗುವಾಗ 2 ನಾಟ್ ಅಡ್ಡ ಸೆಳೆತವಿದ್ದರೆ ಇವುಗಳ ನಡುವೆ ಸುಮಾರು 18 ಡಿಗ್ರಿ ಅಂತರ ಬೀಳುತ್ತದೆ. ಬಂಡೆ ಹತ್ತಿರವಿದ್ದಾಗ ನೋಡಬೇಕಾದ್ದು ಆ ಎರಡನೆಯ ಗೆರೆಯನ್ನು.

ಸೆನ್ಸರ್ ಹಾಕಿಸುವವರೆಗೆ ಕೋರ್ಸ್ ಅಪ್ ಇಟ್ಟು ನೋಡಿ. ಹಾಕಿಕೊಂಡ ಮಾರ್ಗದ ದಿಕ್ಕು ಮೇಲಿರುತ್ತದೆ, ಮಾರ್ಗ ಬದಲಾದಾಗ ಮಾತ್ರ ನಕ್ಷೆ ತಿರುಗುತ್ತದೆ. ದೋಣಿಯ ಗುರುತನ್ನು ಪರದೆಯ ಕೆಳಭಾಗಕ್ಕೆ ಸರಿಸಿಕೊಂಡರೆ ಮುಂದಿನ ದಾರಿ ಹೆಚ್ಚು ಕಾಣುತ್ತದೆ. ಇನ್ನೊಂದು ಮಾತು: ನಿಮ್ಮದು ಕಾಗದದ ನಕ್ಷೆಯನ್ನೇ ಸ್ಕ್ಯಾನ್ ಮಾಡಿದ ರಾಸ್ಟರ್ ಆಗಿದ್ದರೆ ತಿರುಗಿಸಲೇಬೇಡಿ. ಅದರಲ್ಲಿ ಅಕ್ಷರ, ಅಂಕಿಗಳೂ ಜೊತೆಗೇ ತಲೆಕೆಳಗಾಗುತ್ತವೆ. 6 ಮೀಟರ್ ಆಳವನ್ನು ನಾನು 9 ಅಂತ ಓದಿಕೊಂಡು ಹೋಗಿದ್ದೇನೆ.