ಸಹಾಯ ಬೇಕು: ಮುಚ್ಚಿಹೋದ ಕಂಪನಿಯ ಮ್ಯಾನುಯಲ್ ಬಳಸಲು ಯಾರನ್ನು ಕೇಳಬೇಕು?

ಎಲ್ಲರಿಗೂ ನಮಸ್ಕಾರ. ನಾನು ಹಳೇ ರೇಡಿಯೋ ರಿಪೇರಿ ಮಾಡುತ್ತೇನೆ. ನಮ್ಮಪ್ಪ ಕೆಲಸ ಮಾಡುತ್ತಿದ್ದ ಬೆಂಗಳೂರಿನ ಸಣ್ಣ ರೇಡಿಯೋ ಕಂಪನಿ ಲಿಕ್ವಿಡೇಶನ್‌ಗೆ (ಆಸ್ತಿ ಮಾರಿ ಸಾಲ ತೀರಿಸುವ ಪ್ರಕ್ರಿಯೆ) ಹೋಗಿ ಮುಚ್ಚಿತು. ಅದರ ವೆಬ್‌ಸೈಟೂ ಹೋಯಿತು. ಪುಣ್ಯಕ್ಕೆ ಸರ್ವಿಸ್ ಮ್ಯಾನುಯಲ್‌ಗಳು ಹಳೇ ವೆಬ್ ಪುಟಗಳ ಪ್ರತಿ ಉಳಿಸಿಡುವ ವೇಬ್ಯಾಕ್ ಮಷೀನ್‌ನಲ್ಲಿ ಸಿಕ್ಕಿವೆ. ಒಂದು ಸರ್ಕ್ಯೂಟ್ ಚಿತ್ರದ ಅಂಚಿನಲ್ಲಿ ‘ಇಲ್ಲಿ ಡ್ರೈ ಸೋಲ್ಡರ್ ಜಾಸ್ತಿ, ಮೊದಲು ನೋಡಿ’ ಅಂತ ಪೆನ್ನಲ್ಲಿ ಬರೆದಿದೆ (ಡ್ರೈ ಸೋಲ್ಡರ್ ಅಂದರೆ ಸರಿಯಾಗಿ ಹಿಡಿಯದ ಬೆಸುಗೆ). ಅದು ಅಪ್ಪನ ಅಕ್ಷರ. ನೋಡಿ ಕಣ್ಣು ತುಂಬಿ ಬಂತು.

ಇವನ್ನೆಲ್ಲ ಕನ್ನಡ ವಿವರಣೆ ಜೊತೆ ರಿಪೇರಿಯವರಿಗೆ ಉಚಿತವಾಗಿ ಕೊಡಬೇಕು ಅಂತ ಆಸೆ. ಆದರೆ ಕಂಪನಿ ಮುಚ್ಚಿದ ಮಾತ್ರಕ್ಕೆ ಕಾಪಿರೈಟ್ ಹೋಗಲ್ಲ, ಅಲ್ವಾ? 1957ರ ಕಾಪಿರೈಟ್ ಕಾಯ್ದೆ ಪ್ರಕಾರ ನೌಕರ ಕೆಲಸದ ಭಾಗವಾಗಿ ಬರೆದದ್ದು ಸಾಮಾನ್ಯವಾಗಿ ಕಂಪನಿಯದೇ. ಅಂದರೆ ಅಪ್ಪನ ಆ ಸಾಲೂ ನಮ್ಮದಲ್ಲ. ಬರೆದವರು ತೀರಿಕೊಂಡ ಮೇಲೂ ಹಕ್ಕು 60 ವರ್ಷ ಇರುತ್ತದೆ.

ಈ ಹಕ್ಕು ಈಗ ಯಾರ ಕೈಲಿದೆ ಅಂತ ಅಫಿಷಿಯಲ್ ಲಿಕ್ವಿಡೇಟರ್ (ಮುಚ್ಚುವ ಕಂಪನಿಗಳ ಆಸ್ತಿ ವಿಲೇವಾರಿ ನೋಡುವ ಸರ್ಕಾರಿ ಅಧಿಕಾರಿ) ಕಚೇರಿಯಲ್ಲಿ ಕೇಳಿದರೆ ಹೇಳುತ್ತಾರಾ? ಮಾಲೀಕರು ಪತ್ತೆಯಾಗದಿದ್ದರೆ ಅದೇ ಕಾಯ್ದೆಯ 31ಎ ಕಲಮಿನಡಿ ಲೈಸೆನ್ಸ್ ಕೇಳಲು ಅವಕಾಶವಿದೆ. ಹಾಗೆ ಅರ್ಜಿ ಹಾಕಿದವರು ಯಾರಾದರೂ ಇದ್ದೀರಾ? ಎಷ್ಟು ಖರ್ಚಾಯಿತು?

‘ಸುಮ್ನೆ ಹಾಕಿಬಿಡಿ, ಯಾರು ಕೇಳ್ತಾರೆ’ ಅನ್ನಬೇಡಿ, ದಯವಿಟ್ಟು. ಅಪ್ಪ ದುಡಿದ ಜಾಗ ಅದು. ಕಾಪಿರೈಟ್ ನೋಡುವ ವಕೀಲರು ಪರಿಚಯವಿದ್ದರೂ ತಿಳಿಸಿ.